‘ಡೀಸೆಲ್ ಗಾಡಿಗೆ ಕರೆಂಟ್ ಯಾಕೆ ಬೇಕು?’: ಹಳೇ ಪಿಕಪ್‌ಗೆ ಹೊಸ ವೈರಿಂಗ್ ಮಾಡಿದಾಗ ಗೊತ್ತಾದ ನಿಜ-ಸುಳ್ಳು

ಗುಬ್ಬಿ ಸಮೀಪದ ಗೆಳೆಯರೊಬ್ಬರ ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ, ಒಂದು ಹಳೆಯ ಮಹೀಂದ್ರಾ ಪಿಕಪ್ ನಿಂತಿರುತ್ತಿತ್ತು. 1980ರ ದಶಕದ ಕೊನೆಯ ಗಾಡಿ. ಅವರ ತಂದೆ ಅದರಲ್ಲಿ ಚೇಳೂರಿನ ಹಲಸಿನ ಹಣ್ಣು, ಸ್ವಂತ ತೋಟದ ತೆಂಗಿನಕಾಯಿ ತುಂಬಿಕೊಂಡು ತುಮಕೂರಿಗೆ ಓಡಾಡುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಗುಜರಿಗೆ ಹಾಕಲು ಮನಸ್ಸು ಬಾರದೆ, ಗೆಳೆಯರು ಅದನ್ನು ಮನೆಯಲ್ಲೇ ಒಂದೊಂದಾಗಿ ರಿಪೇರಿ ಮಾಡಿಕೊಳ್ಳುತ್ತಿದ್ದರು.

ಒಂದು ಸಂಜೆ ಶೆಡ್ಡಿನ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಎಂಜಿನ್ ಆಫ್ ಮಾಡಿ ಎರಡು ಗಂಟೆಯಾಗಿತ್ತು, ಕೀ ಅವರ ಜೇಬಿನಲ್ಲೇ ಇತ್ತು. ಆದರೂ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ. ಬ್ಯಾಟರಿಯ ಟರ್ಮಿನಲ್ ಎಂದಿನಂತೆ ಸಡಿಲವಾಗಿಯೇ ಇತ್ತು, ಹಾಗಾಗಿ ಸ್ಪ್ಯಾನರ್ ಹುಡುಕುವ ಕೆಲಸವಿಲ್ಲದೆ ಕೈಯಲ್ಲೇ ಕಿತ್ತು ಬಿಸಾಡಿದರು. ಹೊಗೆ ನಿಂತಿತು. ತಲೆಯ ಮೇಲಿನ ಅಟ್ಟದಲ್ಲಿ ಆರೇಳು ತಿಂಗಳಿಂದ ಒಣಗುತ್ತಿದ್ದ ಕಾಯಿ ತುಂಬಿತ್ತು. ಇನ್ನೈದು ನಿಮಿಷ ಯಾರೂ ನೋಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ವಿಷಯ ತಿಳಿದು ನಾವು ನೋಡಲು ಹೋದಾಗ ಗೆಳೆಯರ ಮೊದಲ ಪ್ರಶ್ನೆ ಇದು: “ಅಲ್ಲ, ಡೀಸೆಲ್ ಗಾಡಿಗೆ ಕರೆಂಟೇ ಬೇಡ ಅಂತಾರೆ. ತಳ್ಳಿದ್ರೆ ಸ್ಟಾರ್ಟ್ ಆಯ್ತದೆ. ಮತ್ತೆ ಬೆಂಕಿ ಎಲ್ಲಿಂದ ಬಂತು?”

ಮುಂದಿನ ಕೆಲವು ತಿಂಗಳ ಭಾನುವಾರಗಳನ್ನು ಆ ಶೆಡ್ಡಿನಲ್ಲೇ ಕಳೆದೆವು. ಹಳೇ ವೈರಿಂಗ್ ಪೂರ್ತಿ ತೆಗೆದು ಹೊಸದನ್ನು ಹಾಕಿದೆವು. ಆ ದಿನಗಳಲ್ಲಿ ಬಂದು ನೋಡಿದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋದರು. ಅವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ನಾವೇ ನಂಬಿದ್ದ ಒಂದೆರಡೂ ಅದರಲ್ಲಿ ಸೇರಿದ್ದವು.

ಡೀಸೆಲ್ ಎಂಜಿನ್‌ಗೆ ಕರೆಂಟ್ ಬೇಡವೇ?

ಅರ್ಧ ನಿಜ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಹೊತ್ತಿಸಲು ಸ್ಪಾರ್ಕ್ ಪ್ಲಗ್‌ನ ಕಿಡಿ ಬೇಕು, ಕಿಡಿಗೆ ವಿದ್ಯುತ್ ಬೇಕು. ಡೀಸೆಲ್‌ನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅಮುಕಿದಾಗ ಅದು ವಿಪರೀತ ಬಿಸಿಯಾಗುತ್ತದೆ, ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದೂ ಇದೇ ಕಾರಣಕ್ಕೆ. ಹಳೇ ಗಾಡಿಗಳಲ್ಲಿ ಡೀಸೆಲ್ ಚಿಮ್ಮಿಸುವ ಪಂಪ್ ಎಂಜಿನ್‌ನ ಗಿಯರಿನಿಂದಲೋ ಬೆಲ್ಟಿನಿಂದಲೋ ತಿರುಗುತ್ತದೆ, ಕಂಪ್ಯೂಟರ್ ಇರುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ತಳ್ಳಿ ಒಮ್ಮೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಕಿತ್ತುಹಾಕಿದರೂ ಓಡುವ ಗಾಡಿಗಳು ಇದ್ದವು. ಎಷ್ಟೋ ಗಾಡಿಗಳನ್ನು ನಿಲ್ಲಿಸಲೂ ಕೀ ಸಾಲದು, ಸ್ಟಾಪ್ ಕೇಬಲ್ ಎಳೆಯಬೇಕು.

ಇನ್ನರ್ಧದ ಕತೆ ಬೇರೆ. ನಮ್ಮ ಗೆಳೆಯರ ಗಾಡಿಯಲ್ಲಿದ್ದದ್ದು ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್. ಚಳಿಗಾಲದ ಬೆಳಿಗ್ಗೆ ಅದಕ್ಕೆ ಮೊದಲು ಹೀಟರ್ ಕೊಡಬೇಕು. ನಾಲ್ಕು ಹೀಟರ್ ಪ್ಲಗ್‌ಗಳು ಸೇರಿ 40 ಆಂಪಿಯರ್ ಆಸುಪಾಸು ಎಳೆಯುತ್ತವೆ. ಸೆಲ್ಫ್ ಮೋಟರ್ 200 ಆಂಪಿಯರ್ ದಾಟುತ್ತದೆ. ಜೊತೆಗೆ ಹೆಡ್‌ಲೈಟ್, ಬ್ರೇಕ್ ಲೈಟ್, ಹಾರನ್, ವೈಪರ್.

‘ಕರೆಂಟ್ ಬೇಡ’ ಎಂಬ ಮಾತಿನ ನಿಜವಾದ ತೊಂದರೆ ಇಲ್ಲಿದೆ. ಪೆಟ್ರೋಲ್ ಗಾಡಿಯ ವೈರಿಂಗ್ ಕೆಟ್ಟರೆ ಗಾಡಿ ನಿಂತುಬಿಡುತ್ತದೆ, ಅದೇ ದಿನ ರಿಪೇರಿಯಾಗುತ್ತದೆ. ಡೀಸೆಲ್ ಗಾಡಿ ಹೇಗೋ ಓಡುತ್ತಲೇ ಇರುತ್ತದೆ. ಹಾರನ್ ಹೋದರೆ ಯಾವುದೋ ತಂತಿಯಿಂದ ಇನ್ನೊಂದು ಎಳೆ, ಲೈಟು ಹೋದರೆ ಮತ್ತೊಂದು ಎಳೆ, ಮೇಲೆ ಟೇಪು. ಎಫ್‌ಸಿಗೆ ಹೋಗುವ ಹಿಂದಿನ ದಿನ ಇಂಡಿಕೇಟರ್ ಉರಿಯುವಂತೆ ಮಾಡಿದರೆ ಸಾಕು. ಮೂವತ್ತು ವರ್ಷದ ಇಂಥ ತೇಪೆಗಳ ಗೊಂಚಲು ನಮ್ಮ ಗೆಳೆಯರ ಡ್ಯಾಶ್‌ಬೋರ್ಡಿನ ಹಿಂದೆ ನೇತಾಡುತ್ತಿತ್ತು. ಎಣಿಸಿದಾಗ ಟೇಪು ಸುತ್ತಿದ ಜೋಡಣೆಗಳೇ ನಲವತ್ತಕ್ಕಿಂತ ಹೆಚ್ಚಿದ್ದವು. ಎಣಿಸುವುದನ್ನು ಅಲ್ಲಿಗೆ ಬಿಟ್ಟೆವು.

‘ಹನ್ನೆರಡು ವೋಲ್ಟ್ ಏನು ಮಾಡೀತು?’

ಕೈಗೆ ಶಾಕ್ ಹೊಡೆಯುವುದಿಲ್ಲ, ಅದು ಸರಿ. ಒಣ ಚರ್ಮದ ತಡೆಯನ್ನು ದಾಟಿ ಅಪಾಯವಾಗುವಷ್ಟು ವಿದ್ಯುತ್ತನ್ನು ಹರಿಸಲು 12 ವೋಲ್ಟ್ ಸಾಲದು. ಆದರೆ ಬೆಂಕಿಯ ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾಗುವುದು ವೋಲ್ಟ್ ಅಲ್ಲ, ಆಂಪಿಯರ್.

ಮನೆಯ 60 ವ್ಯಾಟ್ ಬಲ್ಬನ್ನು ತೆಗೆದುಕೊಳ್ಳಿ. 230 ವೋಲ್ಟ್‌ನಲ್ಲಿ ಅದು ಎಳೆಯುವುದು ಸುಮಾರು ಕಾಲು ಆಂಪಿಯರ್. ಅದೇ 60 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬಿಗೆ 10 ಆಂಪಿಯರ್. ಮನೆಯಲ್ಲಿ ಅಷ್ಟು ಕರೆಂಟ್ ಎಳೆಯಬೇಕಾದರೆ ಗೀಸರ್ ಹಾಕಬೇಕು. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಬೇಕು, ಹೆಚ್ಚು ಆಂಪಿಯರ್ ಎಂದರೆ ತಂತಿ ಹೆಚ್ಚು ಬಿಸಿ. ಅದೂ ಸಮಪ್ರಮಾಣದಲ್ಲಲ್ಲ: ಆಂಪಿಯರ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಟೇಪು ಸುತ್ತಿದ ಒಂದು ಜೋಡಣೆ ತುಕ್ಕು ಹಿಡಿದಿದೆ, ಅದರ ತಡೆ 0.2 ಓಮ್ ಆಗಿದೆ ಎಂದುಕೊಳ್ಳಿ. ತೀರಾ ಸಣ್ಣ ಸಂಖ್ಯೆ. ಆದರೆ 10 ಆಂಪಿಯರ್ ಹರಿದರೆ ಆ ಒಂದೇ ಬಿಂದುವಿನಲ್ಲಿ 20 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ ಇರುವುದು 25 ವ್ಯಾಟ್. ಅಂಥದ್ದೊಂದು ಐರನ್ನಿಗೆ ಬಟ್ಟೆ ಟೇಪು ಸುತ್ತಿ ಡ್ಯಾಶ್‌ಬೋರ್ಡಿನೊಳಗೆ ಬಚ್ಚಿಟ್ಟ ಹಾಗೆ.

ಇನ್ನು ನೇರ ಶಾರ್ಟ್ ಆದರೆ, ಕಾರಿನ ಆರೋಗ್ಯವಂತ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಬ್ಯಾಟರಿ ಕೆಲಸ ಮಾಡುವಾಗ ಉಂಗುರ, ಕಡಗ, ಸ್ಟೀಲ್ ವಾಚು ತೆಗೆದಿಡಿ ಎಂದು ಹಳೇ ಮೆಕ್ಯಾನಿಕ್‌ಗಳು ಹೇಳುವುದು ಸುಮ್ಮನೆ ಅಲ್ಲ. ಉಂಗುರವೂ ಸ್ಪ್ಯಾನರೂ ಸೇರಿ ಟರ್ಮಿನಲ್ಲಿಗೂ ಬಾಡಿಗೂ ತಾಗಿದರೆ ಶಾಕ್ ಹೊಡೆಯುವುದಿಲ್ಲ, ಆದರೆ ಉಂಗುರ ಕೆಂಪಗೆ ಕಾದು ಬೆರಳು ಸುಡುತ್ತದೆ.

ಕೀ ಆಫ್ ಇದ್ದರೂ ಹೊಗೆ ಬಂದದ್ದು ಹೇಗೆ

ಕೀ ತಿರುಗಿಸುವ ಸ್ವಿಚ್‌ಗೆ ಕರೆಂಟ್ ಎಲ್ಲಿಂದಲೋ ಬರಬೇಕಲ್ಲ? ಬ್ಯಾಟರಿಯಿಂದ ಸ್ವಿಚ್‌ವರೆಗಿನ ಮುಖ್ಯ ತಂತಿಯಲ್ಲಿ ಕೀ ಇರಲಿ ಬಿಡಲಿ, ಇಪ್ಪತ್ನಾಲ್ಕು ಗಂಟೆಯೂ ವಿದ್ಯುತ್ ಇರುತ್ತದೆ. ಹಳೇ ಗಾಡಿಗಳಲ್ಲಿ ಈ ತಂತಿಗೆ ಫ್ಯೂಸ್ ಇರದೇ ಇರುವುದು ಸಾಮಾನ್ಯ. ಫ್ಯೂಸ್ ಪೆಟ್ಟಿಗೆ ಬರುವುದು ಅದರ ಆಚೆಗೆ.

ಗೆಳೆಯರ ಗಾಡಿಯಲ್ಲಿ ಈ ತಂತಿ ಎಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ಬರುವ ತಗಡಿನ ತೂತಿನಲ್ಲಿ ಇರಬೇಕಾದ ರಬ್ಬರ್ ಬಳೆ ಎಂದೋ ಉದುರಿಹೋಗಿತ್ತು. ತಗಡಿನ ಅಂಚು ವರ್ಷಗಟ್ಟಲೆ ಉಜ್ಜಿ ಉಜ್ಜಿ ತಂತಿಯ ಹೊದಿಕೆಯನ್ನು ಕೊರೆದಿತ್ತು. ಆ ದಿನ ತಾಮ್ರದ ಒಂದೆರಡು ಎಳೆ ತಗಡಿಗೆ ತಾಗಿದವು. ಪೂರ್ತಿ ತಾಗಿದ್ದರೆ ಕಿಡಿ ಹಾರಿ ಅಲ್ಲೇ ಗೊತ್ತಾಗುತ್ತಿತ್ತು. ಅರೆಬರೆ ತಾಗಿದ್ದರಿಂದ ತಂತಿ ನಿಧಾನವಾಗಿ ಕಾದು ಪಕ್ಕದ ತಂತಿಗಳ ಹೊದಿಕೆಯನ್ನೂ ಕರಗಿಸಿತು.

ಫ್ಯೂಸ್ ಪೆಟ್ಟಿಗೆ ತೆಗೆದು ನೋಡಿದಾಗ ಅಲ್ಲೂ ಒಂದು ಆಶ್ಚರ್ಯ ಕಾದಿತ್ತು. ನಾಲ್ಕರಲ್ಲಿ ಮೂರು ಫ್ಯೂಸ್‌ಗಳಿಗೆ ತಾಮ್ರದ ಎಳೆ ಸುತ್ತಲಾಗಿತ್ತು. ಒಂದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ‘ಪದೇ ಪದೇ ಫ್ಯೂಸ್ ಹೋಗ್ತಿತ್ತು, ದಪ್ಪ ಹಾಕ್ಕೊಟ್ಟೆ’ ಎಂದು ಯಾರೋ ಪುಣ್ಯಾತ್ಮರು ಉಪಕಾರ ಮಾಡಿದ್ದರು.

ಬಹಳ ಜನ ಫ್ಯೂಸ್ ಇರುವುದು ಬಲ್ಬನ್ನೋ ಹಾರನ್ನನ್ನೋ ಉಳಿಸಲು ಎಂದುಕೊಂಡಿದ್ದಾರೆ. ಅಲ್ಲ. ಫ್ಯೂಸ್ ಕಾಯುವುದು ತಂತಿಯನ್ನು. ತಂತಿ ಸುಡುವ ಮೊದಲು ತಾನು ಸುಟ್ಟುಕೊಳ್ಳುವುದೇ ಅದರ ಕೆಲಸ. 0.3 ಮಿಲಿಮೀಟರ್ ದಪ್ಪದ ತಾಮ್ರದ ಒಂದೇ ಎಳೆ ಕರಗಲು ಸುಮಾರು 13 ಆಂಪಿಯರ್ ಬೇಕು. ಐದಾರು ಎಳೆ ಹೊಸೆದು ಸುತ್ತಿದರೆ ಅದು 60 ಆಂಪಿಯರ್ ದಾಟಿದರೂ ಜಗ್ಗುವುದಿಲ್ಲ. ಅದರ ಹಿಂದಿರುವ ತಂತಿಯೋ, ಗೊಂಚಲಿನೊಳಗೆ 10 ಆಂಪಿಯರ್ ತಾಳಿಕೊಂಡರೆ ಹೆಚ್ಚು. ಆಗ ಗಾಡಿಯ ವೈರಿಂಗೇ ಫ್ಯೂಸ್ ಆಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಫ್ಯೂಸ್ ಕೆಟ್ಟಿದೆ ಎಂದಲ್ಲ, ಅದೊಂದೇ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ.

ಹೊಸ ವೈರಿಂಗ್‌ನಲ್ಲಿ ನಾವು ಮೊದಲು ಮಾಡಿದ್ದು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಕೂರಿಸಿದ್ದು. ಸೆಲ್ಫ್ ಮೋಟರಿನ ದಪ್ಪ ಕೇಬಲ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅದನ್ನು ದಾಟಿಯೇ ಹೋಗಬೇಕು.

ಹಳೆಯದನ್ನು ಕಿತ್ತು ಬಿಸಾಡುವ ಮೊದಲು

ಕತ್ತರಿ ಹಿಡಿದು ಎಲ್ಲ ಕತ್ತರಿಸಿ ಹೊಸದಾಗಿ ಶುರು ಮಾಡೋಣ ಎಂದು ಯಾರಿಗಾದರೂ ಅನಿಸುತ್ತದೆ. ನಮಗೂ ಅನಿಸಿತ್ತು. ತಡೆದದ್ದು ಗೆಳೆಯರ ಮಗಳು. ಪಾಲಿಟೆಕ್ನಿಕ್ ಓದುವ ಹುಡುಗಿ, ಹಳೇ ನೋಟ್‌ಬುಕ್ಕಿನಲ್ಲಿ ಪ್ರತಿ ತಂತಿಯೂ ಎಲ್ಲಿಂದ ಎಲ್ಲಿಗೆ ಎಂದು ಗೆರೆ ಎಳೆದು, ಎರಡೂ ತುದಿಗೆ ಅಂಟುಪಟ್ಟಿ ಹಚ್ಚಿ ನಂಬರ್ ಬರೆದಳು. ಮೂರು ಭಾನುವಾರ ಅದಕ್ಕೇ ಹೋಯಿತು. ಆಮೇಲೆ ಉಳಿದ ಸಮಯದ ಲೆಕ್ಕ ಹಾಕಿದರೆ ಆ ಮೂರು ಭಾನುವಾರ ಏನೂ ಅಲ್ಲ. ಹಳೇ ಗೊಂಚಲನ್ನು ಇಡಿಯಾಗಿ ತೆಗೆದು ಹಲಗೆಯ ಮೇಲೆ ಮೊಳೆ ಹೊಡೆದು ಹರಡಿ, ಅದರ ಉದ್ದಕ್ಕೆ ಸರಿಯಾಗಿ ಹೊಸದನ್ನು ಕಟ್ಟಿದೆವು.

ಬಣ್ಣ ನೋಡಿ ತಂತಿ ಗುರುತಿಸಬಹುದೇ? ಬ್ರಿಟಿಷ್ ಲೂಕಾಸ್ ಪದ್ಧತಿಯಲ್ಲಿ ಒಂದು ಕ್ರಮವಿದೆ: ಕಂದು ಎಂದರೆ ಬ್ಯಾಟರಿಯ ಮುಖ್ಯ ತಂತಿ, ಬಿಳಿ ಎಂದರೆ ಕೀ ತಿರುಗಿಸಿದಾಗ ಬರುವುದು, ಹಸಿರು ಅದೇ ಫ್ಯೂಸ್ ದಾಟಿದ ಮೇಲೆ, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ಲೈಟ್, ಕಪ್ಪು ಅರ್ಥಿಂಗ್. ಆದರೆ ಎಲ್ಲ ಗಾಡಿಗಳೂ ಇದನ್ನೇ ಅನುಸರಿಸಿಲ್ಲ. ಅನುಸರಿಸಿದ್ದರೂ ಮೂವತ್ತು ವರ್ಷದಲ್ಲಿ ಎಷ್ಟೋ ಕೈಗಳು ಕೈಗೆ ಸಿಕ್ಕ ಬಣ್ಣದ ತಂತಿ ಸೇರಿಸಿರುತ್ತವೆ. ನಮ್ಮ ಗೆಳೆಯರ ಗಾಡಿಯ ಹಾರನ್ನಿಗೆ ಹೋಗಿದ್ದು ಟೆಲಿಫೋನ್ ವೈರು. ಬಣ್ಣವನ್ನು ನಂಬಬೇಡಿ, ಮಲ್ಟಿಮೀಟರನ್ನು ನಂಬಿ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಅದನ್ನು ಕೊನೆಗೆ. ಇದು ನಂಬಿಕೆಯಲ್ಲ, ಕಾರಣವಿದೆ. ಈ ಗಾಡಿಗಳಲ್ಲಿ ಬಾಡಿಯೆಲ್ಲ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾನೆಟ್ಟಿಗೆ ತಾಗಿದರೆ ಶಾರ್ಟ್. ನೆಗೆಟಿವ್ ಮೊದಲೇ ತೆಗೆದಿದ್ದರೆ ತಾಗಿದರೂ ಏನಾಗದು. ತೀರಾ ಹಳೆಯ ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಕೊಟ್ಟಿರುವುದು ಪಾಸಿಟಿವ್, ಅಂಥವುಗಳಲ್ಲಿ ಕ್ರಮ ತಿರುಗುಮುರುಗು.

ಬ್ಯಾಟರಿ ತೆಗೆದು ಸಿಮೆಂಟ್ ನೆಲದ ಮೇಲಿಟ್ಟಾಗ ಪಕ್ಕದ ಮನೆಯ ಹಿರಿಯರೊಬ್ಬರು “ಮಣೆ ಮೇಲಿಡ್ರಪ್ಪ, ನೆಲ ಚಾರ್ಜ್ ಎಳ್ಕೊಳ್ತದೆ” ಎಂದರು. ಅವರ ಕಾಲದ ಗಟ್ಟಿ ರಬ್ಬರಿನ ಪೆಟ್ಟಿಗೆಗಳಲ್ಲಿ ತೇವ, ಆಸಿಡ್ ಜಿನುಗಿ ಸ್ವಲ್ಪ ಸೋರಿಕೆ ಆಗುತ್ತಿದ್ದಿರಬಹುದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ನೆಲ ಏನನ್ನೂ ಎಳೆಯುವುದಿಲ್ಲ. ಎಲ್ಲಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್ ಇರಬೇಕು, ತಿಂಗಳಿಗೊಮ್ಮೆ ಅಳೆದು ಚಾರ್ಜ್ ಮಾಡಿದರೆ ಸಾಕು. ನಾವು ಹಿರಿಯರ ಮಾತಿಗೆ ಮಣೆ ಹಾಕಿದೆವು, ಅಕ್ಷರಶಃ. ಅದರಿಂದ ನಷ್ಟವೇನಿಲ್ಲ.

ಎಷ್ಟು ದಪ್ಪದ ತಂತಿ?

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸುವಾಗ ಎರಡು ಬಗೆಯ ಸಲಹೆ ಸಿಕ್ಕಿತು. ಒಂದು, ‘ಮನೆಗೆ ಹಾಕೋ ವೈರೇ ಹಾಕಿ, ಗಟ್ಟಿ’. ಇನ್ನೊಂದು, ‘ದಪ್ಪ ವೈರ್ ಹಾಕಿದರೆ ಬ್ಯಾಟರಿ ಜಾಸ್ತಿ ಎಳೀತದೆ’.

ಎರಡನೆಯದು ಪೂರ್ತಿ ತಪ್ಪು. ಎಷ್ಟು ಕರೆಂಟ್ ಎಳೆಯಬೇಕೆಂದು ಮುಖ್ಯವಾಗಿ ನಿರ್ಧರಿಸುವುದು ಬಲ್ಬ್, ತಂತಿಯಲ್ಲ. ತಂತಿ ಸಣ್ಣದಾದರೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಒಂದು ಸ್ಕ್ವೇರ್ ಮಿಲಿಮೀಟರ್‌ನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ತಡೆ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಹೆಡ್‌ಲೈಟಿಗೆ ಒಟ್ಟು 5 ಮೀಟರ್ ಎನ್ನಿ. ಹತ್ತು ಆಂಪಿಯರ್ ಹರಿದರೆ ದಾರಿಯಲ್ಲಿ ಕಳೆದುಹೋಗುವುದು 0.86 ವೋಲ್ಟ್. ಹನ್ನೆರಡರಲ್ಲಿ ಒಂದೂ ಇಲ್ಲವಲ್ಲ ಎನಿಸಬಹುದು. ಆದರೆ ತಂತುವಿನ ಬಲ್ಬ್‌ಗಳ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ. ಶೇಕಡ 7ರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಅದೇ ಜಾಗದಲ್ಲಿ ಎರಡೂವರೆ ಸ್ಕ್ವೇರ್ ತಂತಿ ಹಾಕಿದರೆ ಬೆಳಕಿನ ನಷ್ಟ ಹತ್ತರಲ್ಲೊಂದು ಪಾಲಿನಷ್ಟು. ‘ಹಳೇ ಗಾಡಿ ಲೈಟೇ ಮಂದ’ ಎನ್ನುವ ಮಾತಿನಲ್ಲಿ ಬಲ್ಬಿನ ತಪ್ಪಿಗಿಂತ ತಂತಿಯ ತಪ್ಪು ಹೆಚ್ಚು.

ನಾವು ಹೆಡ್‌ಲೈಟಿಗೆ ರಿಲೇ ಹಾಕಿದೆವು. ಡ್ಯಾಶ್‌ಬೋರ್ಡಿನ ಹಳೇ ಸ್ವಿಚ್ ಈಗ ಬರೀ ರಿಲೇಗೆ ಹೇಳುವ ಕೆಲಸ ಮಾಡುತ್ತದೆ, ದೊಡ್ಡ ಕರೆಂಟ್ ಬ್ಯಾಟರಿಯಿಂದ ಚಿಕ್ಕ ದಾರಿಯಲ್ಲಿ ನೇರ ಬಲ್ಬಿಗೆ ಹೋಗುತ್ತದೆ. ಹತ್ತು ಆಂಪಿಯರ್ ಎಳೆಯುವ ಆ ಸಾಲಿಗೆ 15 ಆಂಪಿಯರ್ ಫ್ಯೂಸ್, ಎರಡೂವರೆ ಸ್ಕ್ವೇರ್ ತಂತಿ. ಹೀಟರ್ ಪ್ಲಗ್‌ಗೆ ಬೇರೆಯೇ ದಪ್ಪ ತಂತಿ.

ಮನೆಯ ವೈರಿನ ಬಗ್ಗೆ: ಗೋಡೆಯೊಳಗಿನ ತಂತಿ ಅಲುಗಾಡುವುದಿಲ್ಲ, ಅದಕ್ಕೆ ಎಣ್ಣೆ ತಾಗುವುದಿಲ್ಲ. ಗಾಡಿಯಲ್ಲಿ ದಿನವಿಡೀ ನಡುಕ. ಒಂದೇ ಗಟ್ಟಿ ಎಳೆಯ ತಂತಿ ನಡುಗಿ ನಡುಗಿ ಒಳಗೇ ಮುರಿಯುತ್ತದೆ, ಹೊರಗಿನ ಹೊದಿಕೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಗಾಡಿಗೆಂದೇ ಮಾಡಿದ ತಂತಿಯಲ್ಲಿ ಸಣ್ಣ ಎಳೆಗಳು ಹಲವಾರು ಇರುತ್ತವೆ, ಹೊದಿಕೆ ಬಿಸಿ ಮತ್ತು ಎಣ್ಣೆಯನ್ನು ತಡೆಯುತ್ತದೆ. ಬೆಲೆ ಸ್ವಲ್ಪ ಜಾಸ್ತಿ. ಅಷ್ಟು ಕೊಡಿ.

ಜೋಡಣೆಯಲ್ಲಿ ನಮ್ಮದೇ ಒಂದು ನಂಬಿಕೆ ಬಿತ್ತು. ಎಲ್ಲ ಕಡೆ ಸೋಲ್ಡರ್ ಮಾಡಿದರೆ ಗಟ್ಟಿ ಎಂದುಕೊಂಡಿದ್ದೆವು. ಸೋಲ್ಡರ್ ಕರಗಿ ಎಳೆಗಳ ನಡುವೆ ಮೇಲೇರುತ್ತದೆ, ಅಲ್ಲಿಯವರೆಗೆ ತಂತಿ ಕಡ್ಡಿಯಂತಾಗುತ್ತದೆ. ಕಡ್ಡಿ ಮುಗಿದು ಮೆತ್ತಗಿನ ತಂತಿ ಶುರುವಾಗುವ ಜಾಗದಲ್ಲಿ ನಡುಕಕ್ಕೆ ಮುರಿಯುತ್ತದೆ. ಅದಕ್ಕೇ ಗಾಡಿಗಳಲ್ಲಿ ಲಗ್ ಹಾಕಿ ಸರಿಯಾದ ಇಕ್ಕಳದಿಂದ ಒತ್ತಿ ಬಿಗಿಯುವುದು ವಾಡಿಕೆ. ಸುತ್ತಿಗೆಯಿಂದ ಚಚ್ಚುವುದಲ್ಲ.

ಇಲಿಯ ವಿಷಯ ಹೇಳದಿದ್ದರೆ ಈ ಕತೆ ಪೂರ್ತಿಯಾಗದು. ಕೊಬ್ಬರಿ ಇರುವ ಕಡೆ ಇಲಿ ಇದ್ದೇ ಇರುತ್ತದೆ. ವೈರಿನ ಹೊದಿಕೆಯಲ್ಲಿ ಸೋಯಾ ಇರುವುದರಿಂದ ಇಲಿ ತಿನ್ನುತ್ತದೆ ಎಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತದೆ. ಮೂವತ್ತು ವರ್ಷ ಹಳೆಯ ಪಿವಿಸಿ ವೈರನ್ನೂ ಇಲಿ ಕಡಿದಿತ್ತು. ಇಲಿಯ ಮುಂಬಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ರುಚಿಯ ಪ್ರಶ್ನೆ ಆಮೇಲಿನದು. ನಾವು ತಂತಿಗಳನ್ನು ಪೈಪಿನೊಳಗೆ ಹಾಕಿದೆವು. ಗೆಳೆಯರು ಬೆಕ್ಕು ತಂದರು. ಯಾವುದು ಹೆಚ್ಚು ಕೆಲಸ ಮಾಡುತ್ತಿದೆ ಎಂಬ ವಾದ ಇನ್ನೂ ಮುಗಿದಿಲ್ಲ.

ಹೆಬ್ಬೂರಿನಲ್ಲಿ ಕೆಟ್ಟು ನಿಂತದ್ದು

ವೈರಿಂಗ್ ಮುಗಿಯಿತು. ತುಮಕೂರಿನಲ್ಲಿ ಬಾಡಿಗೆ ಹೊಸ ಬಣ್ಣ ಹೊಡೆಸಿ ತಂದು ಕೂರಿಸಿದ್ದೆವು. ಬ್ಯಾಟರಿಯನ್ನು ಮೊದಲ ಸಲ ನೇರವಾಗಿ ಜೋಡಿಸದೆ, ನಡುವೆ 21 ವ್ಯಾಟಿನ ಬ್ರೇಕ್ ಬಲ್ಬೊಂದನ್ನು ಸೇರಿಸಿದೆವು. ಎಲ್ಲಾದರೂ ಶಾರ್ಟ್ ಇದ್ದರೆ ಆ ಬಲ್ಬ್ ಪೂರ್ತಿ ಉರಿಯುತ್ತದೆ, ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ, ಹೊಸ ತಂತಿ ಸುಡುವುದಿಲ್ಲ. ಬಲ್ಬ್ ಉರಿಯಲಿಲ್ಲ. ಎಂಥ ಖುಷಿ. ಕುಣಿಗಲ್ ಮೇಲೆ ಎಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಮುಂದೆ ಗಾಡಿ ಪೂಜೆ ಮಾಡಿಸುವುದೆಂದು ಸಂಜೆಯೇ ಹೊರಟರು, ನಾವೂ ಹತ್ತಿಕೊಂಡೆವು.

ತುಮಕೂರು ದಾಟಿ ಹೆಬ್ಬೂರು ಸಮೀಪಿಸುವಾಗ ಹಿಂದೆ ಬರುತ್ತಿದ್ದ ಬೈಕಿನವರು ಕೂಗಿ ನಿಲ್ಲಿಸಿದರು. ಬಲಗಡೆ ಇಂಡಿಕೇಟರ್ ಹಾಕಿದರೆ ಎಡಗಡೆಯ ಹಿಂದಿನ ಕೆಂಪು ದೀಪ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಬಲಗಡೆ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಕತ್ತಲಲ್ಲಿ ಹಿಂದಿನವರಿಗೆ ಈ ಗಾಡಿ ತಿರುಗುತ್ತಿದೆಯೋ ನಿಲ್ಲುತ್ತಿದೆಯೋ ತಿಳಿಯುವಂತಿಲ್ಲ. ಟೀ ಅಂಗಡಿಯ ಮುಂದೆ ಸೇರಿದವರ ತೀರ್ಪು ಒಂದೇ: “ಎಲ್ಲೋ ಶಾರ್ಟ್ ಆಗದೆ, ಪೂರ್ತಿ ಬಿಚ್ಚಬೇಕು.”

ಗೆಳೆಯರ ಮುಖ ನೋಡಲಾಗಲಿಲ್ಲ. ನಾವೂ ಒಂದು ಕ್ಷಣ ಹಾಗೆಯೇ ನಂಬಿದೆವು. ಆದರೆ ಶಾರ್ಟ್ ಆಗಿದ್ದರೆ ಫ್ಯೂಸ್ ಹೋಗಬೇಕಿತ್ತು, ಹೋಗಿರಲಿಲ್ಲ. ಅಂದರೆ ಕರೆಂಟ್ ಹೆಚ್ಚಾಗಿ ಹರಿಯುತ್ತಿಲ್ಲ, ಹರಿಯಬೇಕಾದ ದಾರಿಯಲ್ಲಿ ಹರಿಯುತ್ತಿಲ್ಲ.

ಗಾಡಿಯಲ್ಲಿ ಪ್ರತಿ ದೀಪಕ್ಕೂ ಹೋಗುವ ತಂತಿ ಒಂದೇ. ವಾಪಸ್ ಬರುವ ದಾರಿ ಗಾಡಿಯ ಲೋಹದ ಮೈ. ಹಿಂದಿನ ಒಂದು ದೀಪದ ಡಬ್ಬಿಯಲ್ಲಿ ಬ್ರೇಕ್, ಇಂಡಿಕೇಟರ್, ಪಾರ್ಕಿಂಗ್ ಮೂರೂ ಇವೆ, ಮೂರಕ್ಕೂ ವಾಪಸ್ ದಾರಿ ಡಬ್ಬಿಯ ಬೋಲ್ಟ್. ಕುಣಿಗಲ್ ಕೆರೆಯ ತೂಬು ಮುಚ್ಚಿದರೆ ನೀರು ಅಲ್ಲೇ ನಿಂತು ಇನ್ನೊಂದು ಕಡೆಯಿಂದ ಹೊರಬೀಳುವಂತೆ, ಆ ಬೋಲ್ಟ್ ಕೆಲಸ ಮಾಡದಿದ್ದರೆ ಇಂಡಿಕೇಟರಿನ ಕರೆಂಟ್ ಅದೇ ಡಬ್ಬಿಯ ಉಳಿದ ಬಲ್ಬ್‌ಗಳ ಮೂಲಕ ಹಿಮ್ಮುಖವಾಗಿ ಹೋಗಿ, ಎಡಗಡೆಯ ಡಬ್ಬಿ ಹೊಕ್ಕು, ಅಲ್ಲಿನ ಬೋಲ್ಟಿನಿಂದ ಚಾಸಿ ಸೇರುತ್ತದೆ. ದಾರಿಯಲ್ಲಿ ಸಿಕ್ಕ ಬಲ್ಬ್‌ಗಳೆಲ್ಲ ಮಂದವಾಗಿ ಉರಿಯುತ್ತವೆ.

ಬೋಲ್ಟ್ ಕೆಲಸ ಮಾಡದೇ ಇದ್ದುದಕ್ಕೆ ಕಾರಣ ನಮ್ಮ ಹೊಸ ಬಣ್ಣ. ಬಣ್ಣ ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಹಳೇ ಗಾಡಿಯ ತುಕ್ಕು ಹಿಡಿದ ಬೋಲ್ಟ್ ಹೇಗೋ ಬರೀ ಲೋಹಕ್ಕೆ ಕಚ್ಚಿಕೊಂಡಿತ್ತು, ನಾವು ಚಂದ ಮಾಡಲು ಹೋಗಿ ಡಬ್ಬಿ ಕೂರುವ ಜಾಗಕ್ಕೂ ಬಾಡಿ ಚಾಸಿಯ ಮೇಲೆ ಕೂರುವ ಜಾಗಕ್ಕೂ ಮೂರು ಕೋಟ್ ಬಣ್ಣ ಹೊಡೆಸಿದ್ದೆವು. ಸಾಲದ್ದಕ್ಕೆ ನಡುವೆ ಹೊಸ ರಬ್ಬರ್ ಪಟ್ಟಿ. ಎಡಗಡೆ ಬೋಲ್ಟ್ ಬಿಗಿಯುವಾಗ ಬಣ್ಣ ಕೆತ್ತಿಹೋಗಿ ಅದೃಷ್ಟಕ್ಕೆ ಸಂಪರ್ಕ ಸಿಕ್ಕಿತ್ತು, ಬಲಗಡೆ ಸಿಕ್ಕಿರಲಿಲ್ಲ.

ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ದೀಪದ ಡಬ್ಬಿಗೂ ಇಟ್ಟು ಇಂಡಿಕೇಟರ್ ಹಾಕಿದೆವು. ಆರೋಗ್ಯವಾಗಿದ್ದರೆ 0.1, ಹೆಚ್ಚೆಂದರೆ 0.2 ವೋಲ್ಟ್ ತೋರಿಸಬೇಕು. ಪ್ರತಿ ಮಿಣುಕಿಗೂ ಆರು ವೋಲ್ಟ್ ದಾಟುತ್ತಿತ್ತು. ಚಾಕುವಿನಿಂದ ಹೊಸ ಬಣ್ಣವನ್ನು ಒಂದು ರೂಪಾಯಿ ನಾಣ್ಯದಷ್ಟು ಕೆರೆದು, ಅಲ್ಲಿಂದ ಚಾಸಿಗೆ ಒಂದು ತುಂಡು ತಂತಿ ಬಿಗಿದೆವು. ಮೀಟರ್ 0.1ಕ್ಕೆ ಇಳಿಯಿತು. ಇಂಡಿಕೇಟರ್ ಇಂಡಿಕೇಟರಿನಂತೆ ಮಿಣುಕಿತು. ಹೊಸ ಬಣ್ಣ ಕೆರೆಯುವಾಗ ಗೆಳೆಯರು ಆ ಕಡೆ ತಿರುಗಿ ನಿಂತಿದ್ದರು.

ಅಂದಿನಿಂದ ನಾವು ಅರ್ಥಿಂಗ್‌ಗೂ ತಂತಿಯನ್ನೇ ಹಾಕುತ್ತೇವೆ. ಎಂಜಿನ್‌ಗೂ ಹಾಗೆಯೇ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದರಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಕಿತ್ತುಹೋಗಿದ್ದರೆ ಸೆಲ್ಫ್ ಮೋಟರಿನ 200 ಆಂಪಿಯರ್ ಆಕ್ಸಿಲರೇಟರ್ ಕೇಬಲ್, ಸ್ಟಾಪ್ ಕೇಬಲ್‌ಗಳ ಮೂಲಕ ವಾಪಸ್ ಬರಲು ನೋಡುತ್ತದೆ. ಸೆಲ್ಫ್ ಹೊಡೆದಾಗ ಇಂಥ ಕೇಬಲ್ ಬಿಸಿಯಾಗುತ್ತಿದ್ದರೆ, ಹೊಸ ಬ್ಯಾಟರಿ ಹಾಕಿಯೂ ಸೆಲ್ಫ್ ನಿಧಾನ ತಿರುಗುತ್ತಿದ್ದರೆ, ಮೊದಲು ಆ ಪಟ್ಟಿ ನೋಡಿ. ಇದನ್ನು ನೋಡದೆ ಸೆಲ್ಫ್ ಮೋಟರನ್ನೇ ಬದಲಿಸಿದವರು ಇದ್ದಾರೆ.

ಇನ್ನೊಂದೆರಡು ಮಾತು

‘ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡಿ, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ’ ಎಂಬ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ಡೀಸೆಲ್ ಗಾಡಿಯಲ್ಲಿ ಇದಕ್ಕೆ ಅರ್ಥವೇ ಇಲ್ಲ, ಎಂಜಿನ್ ಹೇಗೂ ನಿಲ್ಲುವುದಿಲ್ಲ. ಡೈನಮೋ ಕಾಲದಲ್ಲಿ ಹುಟ್ಟಿದ ಅಭ್ಯಾಸವಿರಬೇಕು. ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳಿವೆ. ಬ್ಯಾಟರಿ ತಟ್ಟನೆ ಕಳಚಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಅವುಗಳನ್ನು ಸುಡಬಹುದು. ಕೀಳುವಾಗ ಹಾರುವ ಕಿಡಿ, ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಅನಿಲ ಸೇರಿದರೆ ಬ್ಯಾಟರಿಯೇ ಸಿಡಿಯುವ ಅಪಾಯವೂ ಇದೆ. ಎಂಜಿನ್ ಓಡುವಾಗ ಬ್ಯಾಟರಿಗೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ತೋರಿಸಿದರೆ ಚಾರ್ಜ್ ಆಗುತ್ತಿದೆ. ಅಷ್ಟೇ ಪರೀಕ್ಷೆ.

ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಇಂಡಿಕೇಟರ್ ಹುಚ್ಚು ಹಿಡಿದಂತೆ ಬಡಿದುಕೊಳ್ಳುವುದೋ ಮಿಣುಕದೇ ನಿಲ್ಲುವುದೋ ದೋಷವಲ್ಲ. ಹಳೇ ಫ್ಲ್ಯಾಶರಿನೊಳಗೆ ಕರೆಂಟಿನ ಬಿಸಿಗೆ ಬಾಗುವ ಲೋಹದ ಪಟ್ಟಿಯಿರುತ್ತದೆ, ಎಲ್‌ಇಡಿ ಎಳೆಯುವ ಕರೆಂಟ್ ಅದನ್ನು ಬಿಸಿ ಮಾಡಲು ಸಾಲದು. ಫ್ಲ್ಯಾಶರ್ ಬದಲಿಸಿದರೆ ಸರಿಹೋಗುತ್ತದೆ. ಆದರೆ ಹಳೇ ಹೆಡ್‌ಲೈಟಿನ ಬಟ್ಟಲಿಗೆ ಎಲ್‌ಇಡಿ ತುರುಕುವುದು ನಮಗೆ ಇಷ್ಟವಿಲ್ಲ. ಆ ಬಟ್ಟಲಿನ ಆಕಾರ ತಂತು ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕು ಚದುರಿ ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಅಂದು ಎಡಿಯೂರು ತಲುಪಿದಾಗ ದೇವಸ್ಥಾನದ ಬಾಗಿಲು ಹಾಕಿತ್ತು. ಗಾಡಿಯಲ್ಲೇ ಮಲಗಿ ಬೆಳಿಗ್ಗೆ ಪೂಜೆ ಮಾಡಿಸಿದೆವು. ಈಗ ಪಿಕಪ್ ಕೊಬ್ಬರಿ ಅಟ್ಟದ ಕೆಳಗೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಬೇರೆ ತಗಡಿನ ಚಪ್ಪರ ಹಾಕಿದ್ದಾರೆ. ನಿಲ್ಲಿಸಿದ ಮೇಲೆ ಬ್ಯಾಟರಿಯ ಕಟಾಫ್ ಸ್ವಿಚ್ ತಿರುಗಿಸಿ ಒಳಗೆ ಹೋಗುತ್ತಾರೆ. ಇನ್ನೂ ಸರಿಯಾಗದೆ ಉಳಿದಿರುವುದು ಡೀಸೆಲ್ ಮುಳ್ಳು. ಟ್ಯಾಂಕ್ ತುಂಬಿದ್ದರೂ ಖಾಲಿಯಾಗಿದ್ದರೂ ಅರ್ಧ ತೋರಿಸುತ್ತದೆ. ಟ್ಯಾಂಕಿನ ಮೇಲಿನ ಅರ್ಥಿಂಗ್ ತಂತಿ ನೋಡೋಣ ಎಂದರೆ, “ಅಪ್ಪನ ಕಾಲದಿಂದ ಅದು ಅರ್ಧಾನೇ ತೋರ್ಸೋದು, ಇರ್ಲಿ ಬಿಡಿ” ಎಂದು ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡುತ್ತಾರೆ.